ತನ್ನ ಸೋಲಿಗೆ ತಾನೇ ಹೆಸರಿಟ್ಟ ಪಿಚರ್: ಡೆನ್ನಿಸ್ ಎಕರ್ಸ್ಲಿ ಬಗ್ಗೆ ಗೊತ್ತಿದ್ದವರು ಹೇಳಿ

ಫ್ರೀಮಾಂಟ್ ಹಾಸನದವ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಾ ಕ್ರಿಕೆಟ್ ಹುಚ್ಚ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಹನ್ನೊಂದು ವರ್ಷವಾದರೂ ಬೇಸ್‌ಬಾಲ್ ಕಡೆ ತಲೆ ಹಾಕಿರಲಿಲ್ಲ. ಈಗ ಮಗಳು ಸಾಫ್ಟ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು. ಹಾಗಾಗಿ ಅಪ್ಪನಿಗೂ ಪಾಠ ಶುರುವಾಗಿದೆ.

ಮೊನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ಅವಳ ಕೋಚ್ ಒಂದು ವಿಷಯ ಹೇಳಿದರು. ನಮ್ಮೂರಿನ ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಓದಿದ ಡೆನ್ನಿಸ್ ಎಕರ್ಸ್ಲಿ ಮುಂದೆ ಹಾಲ್ ಆಫ್ ಫೇಮ್ ಸೇರಿದರಂತೆ, ಆಮೇಲೆ ಟಿವಿಯಲ್ಲಿ ಕಾಮೆಂಟರಿಯನ್ನೂ ಮಾಡಿದರಂತೆ. ತರಕಾರಿ ತರಲು ಹೋಗುವಾಗೆಲ್ಲ ಆ ಶಾಲೆಯ ಮುಂದೆಯೇ ಹೋಗುತ್ತೇನೆ, ಗೊತ್ತೇ ಇರಲಿಲ್ಲ! ರಾತ್ರಿ ಕೂತು ಹಳೇ ವಿಡಿಯೋ ನೋಡಿದೆ. ಭುಜದವರೆಗೆ ಕೂದಲು, ದಪ್ಪ ಮೀಸೆ, ಪಕ್ಕದಿಂದ ಚಾಟಿ ಬೀಸಿದ ಹಾಗೆ ಬರುವ ಕೈ. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ.

ಎರಡು ಪ್ರಶ್ನೆ ಇವೆ. 1988ರ ವರ್ಲ್ಡ್ ಸೀರೀಸ್‌ನಲ್ಲಿ (ಬೇಸ್‌ಬಾಲ್‌ನ ಫೈನಲ್ ಸರಣಿ) ಕೊನೇ ಗಳಿಗೆಯಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆಸಿಕೊಂಡ ಮೇಲೆ ‘ವಾಕ್-ಆಫ್’ ಅನ್ನುವ ಪದ ಹುಟ್ಟಿಸಿದ್ದು ಇವರೇ ಅಂತಾರೆ. ನಿಜವಾ? ಇನ್ನೊಂದು, ಬಾಸ್ಟನ್ ಕಡೆಯ ನನ್ನ ಸಹೋದ್ಯೋಗಿ ಇವರ ಕಾಮೆಂಟರಿ ನೆನೆದು ಈಗಲೂ ನಿಟ್ಟುಸಿರು ಬಿಡುತ್ತಾನೆ. ಅಂಥದ್ದೇನಿತ್ತು ಅದರಲ್ಲಿ?

ಬಾಸ್ಟನ್ ಚಳಿ

ನಿಮ್ಮ ಸಹೋದ್ಯೋಗಿ ಒಬ್ಬರೇ ಅಲ್ಲ, ನಾನೂ ಅದೇ ಗುಂಪು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಬೇಸಿಗೆ ಮಾಡಲು ಕೆಲಸವಿರಲಿಲ್ಲ. ರೆಡ್ ಸಾಕ್ಸ್ ತಂಡದ ಆಟ ತೋರಿಸುವ ನೆಸ್ನ್ ಚಾನೆಲ್ ಹಾಕಿಕೊಂಡು ಕೂರುತ್ತಿದ್ದೆ. ಆಟ ಅರ್ಥವಾಗುತ್ತಿರಲಿಲ್ಲ. ಈ ಮನುಷ್ಯನ ಮಾತು ಕೇಳಲು ಕೂರುತ್ತಿದ್ದೆ ಅಷ್ಟೆ.

ಎಕ್ (ಇಲ್ಲಿ ಎಲ್ಲರೂ ಕರೆಯುವುದು ಹಾಗೇ) ಒಂದು ಬೇರೆ ಭಾಷೆಯನ್ನೇ ಆಡುತ್ತಿದ್ದರು. ಜೋರಾಗಿ ಬರುವ ಚೆಂಡು ‘ಚೀಸ್’. ವೇಗವಿಲ್ಲದ, ಬರೀ ಜಾಣತನದ ಚೆಂಡು ‘ಸಲಾಡ್’. ಪ್ಲೇಟಿನ ಅಂಚಿಗೆ ಸರಿಯಾಗಿ ತಾಗಿ ಹೋದರೆ ‘ಪೇಂಟ್’. ತಲೆಗೂದಲು ‘ಮಾಸ್’, ಅಂದರೆ ಪಾಚಿ! ದುಡ್ಡಿಗೆ ‘ಐರನ್’. ಬ್ಯಾಟರ್ ಮೂರನೇ ಸ್ಟ್ರೈಕ್ (ಸರಿಯಾದ ಜಾಗಕ್ಕೆ ಬಂದ ಚೆಂಡು, ಮೂರಾದರೆ ಔಟ್) ಅನ್ನು ಸುಮ್ನೆ ನೋಡುತ್ತಾ ನಿಂತು ಔಟಾದರೆ ‘ಪೇರ್ ಆಫ್ ಶೂಸ್’. ಆಳೇ ಇಲ್ಲ, ಒಂದು ಜೊತೆ ಬೂಟು ಮಾತ್ರ ನಿಂತಿದೆ ಅಂತ. ಮೊದಲ ಸಲ ಕೇಳಿದಾಗ ಅಡುಗೆಮನೆಯಿಂದ ಓಡಿ ಬಂದಿದ್ದೆ, ಯಾರಾದರೂ ಬೂಟು ಬಿಟ್ಟು ಹೋದರಾ ನೋಡಲು.

ಅಂಕಿ ಮೇಷ್ಟ್ರು

ಮೊದಲ ಪ್ರಶ್ನೆಗೆ ಉತ್ತರ: ಪದ ಅವರದ್ದೇ, ಆದರೆ ಕಥೆ ತಲೆಕೆಳಗಾಗಿದೆ. ‘ವಾಕ್-ಆಫ್’ ಹುಟ್ಟಿದ್ದು ಆ ಹೋಮ್ ರನ್ನಿನ ನಂತರ ಅಲ್ಲ, ಮುಂಚೆ. 1988ರ ಜುಲೈ ಕೊನೆಯಲ್ಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎಕರ್ಸ್ಲಿಯವರ ಬಾಯಲ್ಲಿ ಅದು ‘ವಾಕ್-ಆಫ್ ಪೀಸ್’. ಕೊನೆಯಲ್ಲಿ ಹೋಮ್ ರನ್ ಬಿತ್ತು, ಆಟ ಮುಗಿಯಿತು, ಪಿಚರ್ ತಲೆ ತಗ್ಗಿಸಿ ಮೈದಾನದಿಂದ ನಡೆದು ಹೋಗಬೇಕು. ಆ ನಡಿಗೆಗೆ ಇಟ್ಟ ಹೆಸರು. ಅಕ್ಟೋಬರ್ 15ರಂದು ಅದೇ ನಡಿಗೆ ಅವರ ಪಾಲಿಗೆ ಬಂತು, ಅದೂ ದೇಶವೆಲ್ಲ ನೋಡುತ್ತಿರುವಾಗ.

ಈಗ ಆ ಪದದ ಗತಿ ನೋಡಿ. ಗೆದ್ದವರು ಕುಣಿದಾಡುವುದಕ್ಕೆ ವಾಕ್-ಆಫ್ ಅನ್ನುತ್ತಾರೆ. ಸೋತವನ ಪದವನ್ನು ಗೆದ್ದವರು ಎತ್ತಿಕೊಂಡು ಹೋಗಿದ್ದಾರೆ!

ಧಾರವಾಡ ಪೇಡೆ

ನಡುವ ಬಾಯಿ ಹಾಕ್ತೀನ್ರಿ, ತಪ್ಪು ತಿಳೀಬ್ಯಾಡ್ರಿ. ನಾನು ಬೇಸ್‌ಬಾಲ್ ನೋಡಿದ್ದು ಬರೀ ಸಿನಿಮಾದಾಗ. ಈ ಹಾಲ್ ಆಫ್ ಫೇಮ್ ಆಸಾಮಿ ಅಷ್ಟು ದೊಡ್ಡ ಆಟಗಾರ ಹೌದೇನು? ಕೊನೇ ಎಸೆತಕ್ಕ ಸಿಕ್ಸರ್ ಹೊಡೆಸಿಕೊಂಡವರು ನಮ್ಮಲ್ಲೂ ಅದಾರ್ರೀ.

ಅಂಕಿ ಮೇಷ್ಟ್ರು

ಪೇಡೆಯವರೇ, ನನ್ನನ್ನು ಕೆಣಕಿದಿರಿ. ಸ್ವಲ್ಪ ಉದ್ದ ಆಗುತ್ತೆ.

ಹುಟ್ಟಿದ್ದು 1954ರಲ್ಲಿ, ಓಕ್‌ಲ್ಯಾಂಡ್‌ನಲ್ಲಿ. ಹೈಸ್ಕೂಲ್ ಮುಗಿಯುತ್ತಿದ್ದ ಹಾಗೆ 1972ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಆರಿಸಿಕೊಂಡಿತು. 1975ರಲ್ಲಿ ದೊಡ್ಡ ಲೀಗ್. 1977ರ ಮೇ 30ರಂದು ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದೆ ಇಡೀ ಪಂದ್ಯ ಮುಗಿಸಿದರು, ಅದಕ್ಕೆ ನೋ-ಹಿಟರ್ ಅನ್ನುತ್ತಾರೆ. ಮರುವರ್ಷ ಬಾಸ್ಟನ್ ತಂಡಕ್ಕೆ ಹೋಗಿ 20 ಪಂದ್ಯ ಗೆದ್ದರು. ಆಮೇಲೆ ಇಳಿಜಾರು. 1984ರಲ್ಲಿ ಶಿಕಾಗೊ ಕಬ್ಸ್, 1987ರಲ್ಲಿ ಓಕ್‌ಲ್ಯಾಂಡ್ ಎ’ಸ್. ಅಷ್ಟರಲ್ಲಿ ವಯಸ್ಸು 32. ಕಥೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದರು.

ಅಲ್ಲಿನ ಮ್ಯಾನೇಜರ್ ಟೋನಿ ಲಾ ರೂಸ ಅವರನ್ನು ‘ಕ್ಲೋಸರ್’ ಮಾಡಿದರು. ನಮ್ಮ ಲೆಕ್ಕದಲ್ಲಿ ಡೆತ್ ಓವರ್ ಬೌಲರ್ ಅಂದುಕೊಳ್ಳಿ. ಒಂಬತ್ತನೇ ಇನಿಂಗ್ಸ್‌ನಲ್ಲಿ ತಂಡ ಒಂದೆರಡು ರನ್ ಮುಂದಿದ್ದರೆ ಬಂದು ಬೀಗ ಹಾಕಿ ಹೋಗಬೇಕು. ಹಾಕಿದರೆ ಒಂದು ‘ಸೇವ್’. 1990ರಲ್ಲಿ 48 ಸೇವ್. ಆ ಇಡೀ ವರ್ಷ ಕೊಟ್ಟ ಹಿಟ್ 41, ವಾಕ್ (ನಾಲ್ಕು ಚೆಂಡು ಜಾಗ ತಪ್ಪಿ ಎಸೆದು ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಡುವುದು) 4. ಒಟ್ಟು 45. ಅಂದರೆ ಬೇಸ್ ತಲುಪಿಸಿದ ಆಟಗಾರರಿಗಿಂತ ಉಳಿಸಿಕೊಟ್ಟ ಪಂದ್ಯಗಳೇ ಜಾಸ್ತಿ! ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಕೊಟ್ಟರು ಅನ್ನುವ ಲೆಕ್ಕ ಆ ವರ್ಷ 0.61. 1992ರಲ್ಲಿ 51 ಸೇವ್, ಅಮೆರಿಕನ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಜೊತೆಗೆ ಅತ್ಯುತ್ತಮ ಆಟಗಾರ ಪ್ರಶಸ್ತಿ. ಕೊನೆಗೆ 197 ಗೆಲುವು, 390 ಸೇವ್. 2004ರಲ್ಲಿ ಮೊದಲ ಸಲದ ಮತಕ್ಕೇ ಹಾಲ್ ಆಫ್ ಫೇಮ್.

ಒಂದು ಸೀಸನ್‌ನಲ್ಲಿ 20 ಗೆಲುವು, ಇನ್ನೊಂದರಲ್ಲಿ 50 ಸೇವ್ ಎರಡನ್ನೂ ಮಾಡಿದ ಮೊದಲಿಗರು ಇವರು. ಆಮೇಲೆ ಜಾನ್ ಸ್ಮೋಲ್ಟ್ಜ್ ಮಾಡಿದರು. ಅವರೂ ಈಗ ಕಾಮೆಂಟರಿಯಲ್ಲೇ ಇದ್ದಾರೆ.

ಧಾರವಾಡ ಪೇಡೆ

ಸಾಕ್ರೀ ಮೇಷ್ಟ್ರ, ಕೈ ಮುಗಿದೆ. ದೊಡ್ಡ ಆಟಗಾರನ ಹೌದು.

ಜಯನಗರ ಲೆಗ್‌ಸ್ಪಿನ್

ಆ ಹೋಮ್ ರನ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಆ ವಿಡಿಯೋವನ್ನು ನೂರು ಸಲ ನೋಡಿದ್ದೇನೆ.

ಲಾಸ್ ಏಂಜಲೀಸ್, ಡಾಡ್ಜರ್ ಸ್ಟೇಡಿಯಂ, ಮೊದಲ ಪಂದ್ಯ. ಓಕ್‌ಲ್ಯಾಂಡ್ 4, ಡಾಡ್ಜರ್ಸ್ 3. ಕೊನೇ ಇನಿಂಗ್ಸ್, ಇಬ್ಬರು ಔಟ್. ಎಕ್ ಎದುರಿಗೆ ಮೈಕ್ ಡೇವಿಸ್. ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡ ಒಂದು ಕುತಂತ್ರ ಮಾಡುತ್ತಾರೆ. ಮುಂದಿನ ಬ್ಯಾಟರ್ ನಿಲ್ಲುವ ಜಾಗಕ್ಕೆ ಡೇವ್ ಆಂಡರ್ಸನ್‌ನನ್ನು ಕಳಿಸುತ್ತಾರೆ, ಅಷ್ಟೇನೂ ಹೆದರಿಕೆ ಹುಟ್ಟಿಸದ ಆಟಗಾರ. ಅವನು ತಾನೇ ಬರೋದು ಅಂತ ಎಕ್ ಡೇವಿಸ್ ಹತ್ತಿರ ಹುಷಾರಾಗಿ ಆಡುತ್ತಾರೆ. ಡೇವಿಸ್‌ಗೆ ವಾಕ್ ಸಿಗುತ್ತದೆ. ಆಗ ಆಂಡರ್ಸನ್ ಒಳಗೆ ಹೋಗುತ್ತಾನೆ, ಕರ್ಕ್ ಗಿಬ್ಸನ್ ಹೊರಗೆ ಬರುತ್ತಾನೆ!

ಗಿಬ್ಸನ್‌ಗೆ ಎರಡೂ ಕಾಲು ಪೆಟ್ಟು. ಓಡುವುದಿರಲಿ, ನೆಟ್ಟಗೆ ನಡೆಯಲೂ ಆಗುತ್ತಿರಲಿಲ್ಲ. ಚೆಂಡನ್ನು ಪಕ್ಕಕ್ಕೆ ತಳ್ಳಿ ತಳ್ಳಿ ಮೂರು ಬಾಲ್ (ಜಾಗ ತಪ್ಪಿದ ಚೆಂಡು), ಎರಡು ಸ್ಟ್ರೈಕ್ ತನಕ ಎಳೆಯುತ್ತಾನೆ. ಡಾಡ್ಜರ್ಸ್‌ನ ಮೆಲ್ ಡಿಡಿಯರ್ ಅನ್ನುವ ಸ್ಕೌಟ್ (ಎದುರಾಳಿಗಳನ್ನು ಗಮನಿಸಿ ತಂಡಕ್ಕೆ ವರದಿ ಕೊಡುವವರು) ಮೊದಲೇ ಹೇಳಿದ್ದರು, ಎಡಗೈ ಬ್ಯಾಟರ್‌ಗೆ ಮೂರು-ಎರಡು ಆದಾಗ ಎಕ್ ಹಾಕೋದು ಬ್ಯಾಕ್‌ಡೋರ್ ಸ್ಲೈಡರ್ ಅಂತ. ಹೊರಗೆ ಹೋಗುವ ಹಾಗೆ ಕಂಡು ಕೊನೇ ಕ್ಷಣ ಅಂಚಿಗೆ ತಿರುಗಿ ಬರುವ ಚೆಂಡು ಅದು. ಮುಂಬಾಗಿಲಲ್ಲಿ ಕಾಯುತ್ತಿದ್ದರೆ ಹಿತ್ತಲ ಬಾಗಿಲಿನಿಂದ ನುಗ್ಗಿದ ಹಾಗೆ. ಅದೇ ಬಂತು. ಗಿಬ್ಸನ್ ಬರೀ ತೋಳಿನ ಬಲದಲ್ಲಿ ಬೀಸಿದ. ಬಲಗಡೆ ಗ್ಯಾಲರಿಗೆ. 5-4. ಆ ಸರಣಿಯಲ್ಲಿ ಗಿಬ್ಸನ್ ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಡಾಡ್ಜರ್ಸ್ ಸರಣಿಯನ್ನು 4-1ರಲ್ಲಿ ಗೆದ್ದರು.

ನಮ್ಮವರಿಗೆ ಇದು ಅರ್ಥವಾಗಲು 1986ರ ಶಾರ್ಜಾ ಸಾಕು. ಕೊನೇ ಚೆಂಡು, ನಾಲ್ಕು ರನ್ ಬೇಕು, ಚೇತನ್ ಶರ್ಮ ಕೈಯಿಂದ ಫುಲ್‌ಟಾಸ್, ಮಿಯಾಂದಾದ್ ಸಿಕ್ಸರ್. ಮರುವರ್ಷ ವಿಶ್ವಕಪ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಬೌಲರ್ ಆತ. ಯಾರಿಗೆ ನೆನಪಿದೆ ಹೇಳಿ? ಹೆಸರು ಕೇಳಿದರೆ ಎಲ್ಲರಿಗೂ ಆ ಫುಲ್‌ಟಾಸ್ಸೇ. ನಮ್ಮ ತಂದೆ ರೇಡಿಯೋ ಆಫ್ ಮಾಡಿ ಊಟ ಮಾಡದೆ ಮಲಗಿದ್ದರಂತೆ. ಅಮ್ಮ ಈಗಲೂ ಆಡಿಕೊಳ್ಳುತ್ತಾರೆ.

ಬಾಸ್ಟನ್ ಚಳಿ

ಇದಕ್ಕೊಂದು ಬಾಲ ಸೇರಿಸುತ್ತೇನೆ. ಆ ರಾತ್ರಿ ಪಂದ್ಯ ಮುಗಿದ ಮೇಲೆ ಎಕ್ ಓಡಿ ಹೋಗಲಿಲ್ಲ. ತಮ್ಮ ಲಾಕರ್ ಮುಂದೆ ನಿಂತು, ಪತ್ರಕರ್ತರು ಕೇಳಿದ್ದನ್ನೇ ಕೇಳಿದರೂ ಎಲ್ಲದಕ್ಕೂ ಉತ್ತರ ಕೊಟ್ಟರು. ಅಮೆರಿಕದ ಕ್ರೀಡಾ ಪತ್ರಕರ್ತರು ಇದನ್ನು ಈಗಲೂ ನೆನೆಯುತ್ತಾರೆ. ನನಗೆ ಅವರ ಕಾಮೆಂಟರಿಯ ಬೇರು ಅಲ್ಲೇ ಇದೆ ಅನ್ನಿಸುತ್ತದೆ. ತನ್ನ ಕೆಟ್ಟ ಎಸೆತವನ್ನು ಕೆಟ್ಟದ್ದು ಅಂತ ಒಪ್ಪಿಕೊಂಡವರಿಗೆ, ಬೇರೆಯವರ ಕೆಟ್ಟ ಎಸೆತವನ್ನು ಒಳ್ಳೆಯದು ಅನ್ನಲು ನಾಲಿಗೆ ಏಳುವುದಿಲ್ಲ.

ಜಯನಗರ ಲೆಗ್‌ಸ್ಪಿನ್

ಇಲ್ಲಿ ನನ್ನ ತಕರಾರಿದೆ. 2017ರಲ್ಲಿ ಏನಾಯ್ತು ಅಂತ ನೀವು ಹೇಳುತ್ತಿಲ್ಲ. ರೆಡ್ ಸಾಕ್ಸ್ ಪಿಚರ್ ಎಡ್ವಾರ್ಡೊ ರೊಡ್ರಿಗೆಜ್ ಅನ್ನುವ ಹುಡುಗ, ಮೊಣಕಾಲು ಪೆಟ್ಟಾಗಿ ಚೇತರಿಸಿಕೊಳ್ಳುತ್ತಿದ್ದ. ಕೆಳಗಿನ ಲೀಗಿನಲ್ಲಿ ಒಂದು ಪಂದ್ಯ ಆಡಿದ. ಅದರ ಅಂಕಿಗಳು ಟಿವಿಯಲ್ಲಿ ಬಂದವು. ಎಕ್ ಒಂದೇ ಮಾತು ಅಂದರು: “ಯಕ್.” ಕನ್ನಡದಲ್ಲಿ ಹೇಳಬೇಕೆಂದರೆ “ಛೀ.” ಪೆಟ್ಟು ತಿಂದು ಮೇಲೇಳುತ್ತಿರುವ ಹುಡುಗನಿಗೆ ಇದು ಬೇಕಿತ್ತಾ?

ನಾನು ಕ್ಲಬ್ ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡಿದವನು. ಭುಜದ ನೋವಿನ ನಂತರ ಮೊದಲ ಓವರ್ ಹೇಗಿರುತ್ತೆ ಅಂತ ಗೊತ್ತು. ಮೇಲೆ ಕೂತವರಿಗೆ ಮಾತು ಸಲೀಸು.

ಬಾಸ್ಟನ್ ಚಳಿ

ಅರ್ಧ ಕಥೆ ಹೇಳಿ ನಿಲ್ಲಿಸಿದಿರಿ. ಆಮೇಲೆ ತಂಡದ ವಿಮಾನದಲ್ಲಿ, ಟೊರಾಂಟೊಗೆ ಹೋಗುವಾಗ, ಅದೇ ತಂಡದ ಇನ್ನೊಬ್ಬ ಪಿಚರ್ ಡೇವಿಡ್ ಪ್ರೈಸ್ ಎಲ್ಲರೆದುರಿಗೆ ಎಕ್ ಅವರನ್ನು ಅಡ್ಡಗಟ್ಟಿದರು. ಇವರಿಗೆ ಈ ಆಟ ಎಷ್ಟು ಸಲೀಸು ನೋಡಿ ಅಂತ ಹಂಗಿಸಿದರು. ಸುತ್ತ ಇದ್ದ ಆಟಗಾರರಲ್ಲಿ ಕೆಲವರು ಚಪ್ಪಾಳೆ ಹೊಡೆದರು. ಅರವತ್ತು ದಾಟಿದ ಮನುಷ್ಯ, ಹಾಲ್ ಆಫ್ ಫೇಮ್ ಆಟಗಾರ, ಸುಮ್ನೆ ಹಿಂದಿನ ಸೀಟಿಗೆ ನಡೆದು ಹೋದರು. ಇದು ಗೆಳೆಯನ ಪರ ನಿಲ್ಲುವ ರೀತಿಯಾ? ಸಿಟ್ಟಿದ್ದರೆ ಪಕ್ಕಕ್ಕೆ ಕರೆದು ಬೈಯಬಹುದಿತ್ತು, ಅಲ್ವಾ?

ಜಯನಗರ ಲೆಗ್‌ಸ್ಪಿನ್

ಪ್ರೈಸ್ ಮಾಡಿದ್ದು ಸರಿ ಅಂತ ನಾನೆಲ್ಲಿ ಅಂದೆ? ಚಪ್ಪಾಳೆ ಹೊಡೆದದ್ದು ಸಣ್ಣತನ. ಆದರೆ “ಛೀ” ಅಂದಿದ್ದೂ ಟಿವಿಯಲ್ಲಿ, ಎಲ್ಲರೆದುರಿಗೇ. ಪಕ್ಕಕ್ಕೆ ಕರೆದು ಹೇಳಿದ್ದಲ್ಲ. ಕಾಮೆಂಟೇಟರಿಗೆ ಒಂದು ನಿಯಮ, ಆಟಗಾರನಿಗೆ ಇನ್ನೊಂದಾ?

ಧಾರವಾಡ ಪೇಡೆ

ಲೆಗ್‌ಸ್ಪಿನ್ ಅವರ ಮಾತಿನಾಗ ತೂಕ ಐತಿ ನೋಡ್ರಿ.

ಅಂಕಿ ಮೇಷ್ಟ್ರು

ವ್ಯತ್ಯಾಸ ಇದೆ. ಎಕ್ “ಛೀ” ಅಂದಿದ್ದು ಆಟಕ್ಕೆ, ಅಂಕಿಗಳಿಗೆ. ಪ್ರೈಸ್ ಹೇಳಿದ್ದು ಮನುಷ್ಯನಿಗೆ. ಹುಡುಗನ ಮೊಣಕಾಲು ಗೊತ್ತಿದ್ದೂ ಇನ್ನೊಂದು ವಾಕ್ಯ ಸೇರಿಸದೇ ಹೋದದ್ದು ಎಕ್ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಎಲ್ಲದಕ್ಕೂ “ಅದ್ಭುತ, ಅಮೋಘ” ಅನ್ನುವ ಕಾಮೆಂಟರಿ ಕೇಳಿ ಕೇಳಿ ನಮ್ಮ ಕಿವಿ ಸತ್ತಿದೆ. ಮೂವತ್ತು ರನ್ ಕೊಟ್ಟ ಓವರಿಗೂ ‘ಒಳ್ಳೇ ಪ್ರಯತ್ನ’ ಅನ್ನುವವರಿಗಿಂತ ಇವರೇ ಮೇಲು.

2022ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಬಗ್ಗೆ ಇವರು ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ‘ಏನೂ ಇಲ್ಲದ್ದರ ಕಲಸುಮೇಲೋಗರ’. ಪಿಟ್ಸ್‌ಬರ್ಗ್‌ನವರಿಗೆ ಉರಿಯಿತು. ಆದರೆ ಆ ವರ್ಷ ಪೈರೇಟ್ಸ್ ಸೋತದ್ದು ಸರಿಯಾಗಿ 100 ಪಂದ್ಯ. ಇವರದೇ ರೆಡ್ ಸಾಕ್ಸ್ ಕೂಡ ತಮ್ಮ ವಿಭಾಗದಲ್ಲಿ ಕೊನೇ ಸ್ಥಾನಕ್ಕೆ ಬಿತ್ತು, ಆ ತಂಡವನ್ನೂ ಇವರು ಬಿಡಲಿಲ್ಲ.

ಮಲ್ಲೇಶ್ವರದ ವ್ಯಾಕರಣ

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. ಈ ಚೀಸ್-ಸಲಾಡ್ ಭಾಷೆಗೆ ಒಬ್ಬ ಮುತ್ತಜ್ಜ ಇದ್ದಾನೆ. ಡಿಜ್ಜಿ ಡೀನ್. 1934ರಲ್ಲಿ 30 ಪಂದ್ಯ ಗೆದ್ದ ಸೇಂಟ್ ಲೂಯಿಸ್ ಪಿಚರ್. ಕೈ ಹೋದ ಮೇಲೆ ಮೈಕ್ ಹಿಡಿದ. ಓದಿದ್ದು ಅಷ್ಟಕ್ಕಷ್ಟೆ. ಆಟಗಾರ ಜಾರಿ ಬೇಸ್ ಮುಟ್ಟಿದ ಅನ್ನಲು ‘ಸ್ಲಿಡ್’ ಬದಲು ‘ಸ್ಲಡ್’ ಅನ್ನುತ್ತಿದ್ದ. ಮಕ್ಕಳ ಇಂಗ್ಲಿಷ್ ಕೆಡುತ್ತಿದೆ ಅಂತ ಮಿಸ್ಸೌರಿಯ ಮೇಷ್ಟ್ರುಗಳು 1946ರಲ್ಲಿ ದೂರು ಕೊಟ್ಟರು. ಜನ ಡೀನ್ ಪರ ನಿಂತರು!

1947ರಲ್ಲಿ ಇನ್ನೂ ತಮಾಷೆ. ಬ್ರೌನ್ಸ್ ತಂಡದ ಆಟಕ್ಕೆ ಕಾಮೆಂಟರಿ ಹೇಳುತ್ತಾ, ಈ ಪಿಚರ್‌ಗಳಿಗಿಂತ ನಾನೇ ಚೆನ್ನಾಗಿ ಎಸೀತೀನಿ ಅಂತ ಗೊಣಗುತ್ತಿದ್ದ. ಹಾಗಾದರೆ ಬಾ ಅಂತ ತಂಡದವರು ಸೀಸನ್‌ನ ಕೊನೇ ದಿನ ಕರೆದೇ ಬಿಟ್ಟರು. ಬಂದ. ನಾಲ್ಕು ಇನಿಂಗ್ಸ್ ಎಸೆದ, ಒಂದು ರನ್ನೂ ಕೊಡಲಿಲ್ಲ. ಬ್ಯಾಟ್ ಹಿಡಿದು ಒಂದು ಹಿಟ್ ಕೂಡ ಹೊಡೆದ. ಓಡುವಾಗ ತೊಡೆಯ ಸ್ನಾಯು ಎಳೆದುಕೊಂಡಿತು, ಮೈಕಿಗೆ ವಾಪಸ್ ಹೋದ. ಲೆಗ್‌ಸ್ಪಿನ್ ಅವರ ‘ಮೇಲೆ ಕೂತವರಿಗೆ ಮಾತು ಸಲೀಸು’ ಅನ್ನುವ ತಕರಾರಿಗೆ ಇದಕ್ಕಿಂತ ಉತ್ತರ ಬೇಕಾ?

ಕನ್ನಡ ಕಾಮೆಂಟರಿ ಬಂದಾಗ ನಾನೂ ಆ ಮೇಷ್ಟ್ರುಗಳ ಸಾಲಿನಲ್ಲೇ ಇದ್ದೆ. ಶುದ್ಧ ಕನ್ನಡ ಎಲ್ಲಿ ಅಂತ ಕೇಳಿದವನು. ಈಗ ಅನ್ನಿಸುತ್ತೆ, ‘ಚೆಂಡು ಸೀಮಾರೇಖೆಯನ್ನು ದಾಟಿತು’ ಅನ್ನುವವರಿಗಿಂತ ಗಲ್ಲಿ ಕ್ರಿಕೆಟ್‌ನ ಮಾತು ತರುವವರೇ ನೆನಪಲ್ಲಿ ಉಳಿಯೋದು.

ಜಯನಗರ ಲೆಗ್‌ಸ್ಪಿನ್

ಡೀನ್ ಕಥೆ ಚೆನ್ನಾಗಿದೆ, ನಕ್ಕೆ. ಆದರೂ ರೊಡ್ರಿಗೆಜ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸುಮ್ನೆ ಓದೋನು

ಈ ವೇದಿಕೆಯಲ್ಲಿ ನಾನು ಬರೆಯೋದು ಕಡಿಮೆ. ಒಂದು ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಮೇಷ್ಟ್ರು ‘ಆಮೇಲೆ ಇಳಿಜಾರು’ ಅಂದರಲ್ಲ, ಅದಕ್ಕೆ ಕಾರಣ ಕುಡಿತ. ಒಂದು ಸಲ ಅವರು ಕುಡಿದಿದ್ದಾಗ ಮನೆಯವರೊಬ್ಬರು ವಿಡಿಯೋ ಮಾಡಿ, ಮರುದಿನ ಅವರಿಗೇ ತೋರಿಸಿದರು. ಅದನ್ನು ನೋಡಿ ತಾವೇ ಹೋಗಿ ಚಿಕಿತ್ಸಾ ಕೇಂದ್ರ ಸೇರಿದರು. ಅದು 1987ರ ಜನವರಿ. ಓಕ್‌ಲ್ಯಾಂಡ್‌ಗೆ ಬಂದದ್ದು ಅದೇ ಏಪ್ರಿಲ್‌ನಲ್ಲಿ. ಆ 48, 51, 0.61 ಎಲ್ಲವೂ ಕುಡಿತ ಬಿಟ್ಟ ಮೇಲಿನ ಲೆಕ್ಕ.

ನಾನೂ ಬಿಟ್ಟು ನಾಲ್ಕು ವರ್ಷ ಆಯ್ತು. ನನಗೆ ಯಾರೂ ವಿಡಿಯೋ ತೋರಿಸಲಿಲ್ಲ. ತಮ್ಮ ಮಾತು ಬಿಟ್ಟಿದ್ದ, ಅಷ್ಟೆ. ಪರದೆಯ ಮೇಲೆ ತನ್ನ ಕೆಟ್ಟ ಮುಖ ನೋಡಿದ ಮನುಷ್ಯ ಆಮೇಲೆ ಬೇರೆಯವರ ತಪ್ಪುಗಳನ್ನು ಪರದೆಯ ಮೇಲೆ ಮತ್ತೆ ಮತ್ತೆ ತೋರಿಸಿ ಹೇಳುವ ಕೆಲಸಕ್ಕೆ ಹೋದರು. “ಛೀ” ಅನ್ನುವುದನ್ನು ಅವರು ಮೊದಲು ತಮಗೇ ಅಂದುಕೊಂಡಿದ್ದರು ಅಂತ ನನ್ನ ಊಹೆ.

ಜಯನಗರ ಲೆಗ್‌ಸ್ಪಿನ್

ಅಣ್ಣಾ, ಇದು ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷಕ್ಕೆ ದೊಡ್ಡ ನಮಸ್ಕಾರ.

ಬಾಸ್ಟನ್ ಚಳಿ

ಓದೋನು ಅವರೇ, ಇನ್ನೂ ಬರೆಯಿರಿ ದಯವಿಟ್ಟು.

ನನ್ನದೂ ಒಂದು ನೆನಪು. ಎಕ್ ಜೊತೆ ಬಹಳ ವರ್ಷ ಕಾಮೆಂಟರಿಗೆ ಕೂರುತ್ತಿದ್ದವರು ಜೆರ್ರಿ ರೆಮಿ. ಇವರೂ ಹಳೇ ರೆಡ್ ಸಾಕ್ಸ್ ಆಟಗಾರ. ಇಬ್ಬರೂ ಸೇರಿದರೆ ಆಟ ಒಂದು ಕಡೆ, ಹರಟೆ ಒಂದು ಕಡೆ. ಜಗಲಿ ಮೇಲೆ ಕೂತ ಇಬ್ಬರು ಮಾವಂದಿರ ಹಾಗೆ. ರೆಮಿಗೆ ಕ್ಯಾನ್ಸರ್ ಇತ್ತು. 2021ರ ಅಕ್ಟೋಬರ್ 5ರಂದು ಯಾಂಕೀಸ್ ವಿರುದ್ಧದ ಪಂದ್ಯಕ್ಕೆ ಮುಂಚೆ ಗೌರವದ ಮೊದಲ ಚೆಂಡು ಎಸೆಯಲು ಫೆನ್‌ವೇ ಮೈದಾನಕ್ಕೆ ಬಂದರು, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು. ಆ ಚೆಂಡನ್ನು ಹಿಡಿದದ್ದು ಎಕ್. ಜೀವನವೆಲ್ಲ ಎಸೆದ ಪಿಚರ್, ಅವತ್ತು ಕ್ಯಾಚರ್. ಆ ತಿಂಗಳು ಮುಗಿಯುವ ಮುಂಚೆ ರೆಮಿ ತೀರಿಕೊಂಡರು.

ಮರುವರ್ಷ ಎಕ್ ಕೂಡ ಸಾಕು ಅಂದರು. ಮೊಮ್ಮಕ್ಕಳ ಹತ್ತಿರ ಇರಬೇಕು ಅಂತ ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಕೊನೇ ಕಾಮೆಂಟರಿ 2022ರ ಅಕ್ಟೋಬರ್ 5. ಸರಿಯಾಗಿ ಒಂದು ವರ್ಷ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ನೋಡುತ್ತಿದ್ದೆ, ಸಾಸಿವೆ ಸೀದು ಹೋಯಿತು.

ಫ್ರೀಮಾಂಟ್ ಹಾಸನದವ

ಎರಡು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲ ಸಿಕ್ಕಿತು! ಎಲ್ಲರಿಗೂ ವಂದನೆ. ಹಾಗಾದರೆ ಅವರು ಈಗ ನಮ್ಮ ಕಡೆಯೇ ಇದ್ದಾರೆ ಅನ್ನಿ. ಎ’ಸ್ ತಂಡ ಮಾತ್ರ ಇಲ್ಲ. 2024ರ ಸೆಪ್ಟೆಂಬರ್‌ಗೆ ಓಕ್‌ಲ್ಯಾಂಡ್ ಬಿಟ್ಟು ಹೋಯಿತು. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿದರೆ ನೇರ ಮೈದಾನದ ಎದುರಿಗೇ ಇಳಿಯಬಹುದಿತ್ತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ ನೋಡಿ.

ನಿನ್ನೆ ಮಗಳಿಗೆ 1988ರ ವಿಡಿಯೋ ತೋರಿಸಿದೆ. ಗಿಬ್ಸನ್ ಕುಂಟುತ್ತಾ ಓಡುವುದನ್ನು ನೋಡಿ ಖುಷಿಪಡುತ್ತಾಳೆ ಅಂದುಕೊಂಡೆ. ಅವಳು ಮುಖ ಗಂಟಿಕ್ಕಿ ಕೇಳಿದ್ದು ಬೇರೆ: “ಅಪ್ಪ, ಅದಕ್ಕೂ ಮುಂಚಿನವನಿಗೆ ವಾಕ್ ಯಾಕೆ ಕೊಟ್ರು? ವಾಕ್ ಕೊಡದೇ ಇದ್ರೆ ಗಿಬ್ಸನ್ ಬರ್ತಾನೇ ಇರಲಿಲ್ಲ.” ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಯನಗರ ಲೆಗ್‌ಸ್ಪಿನ್

ಹೋಮ್ ರನ್ ಬಿಟ್ಟು ವಾಕ್ ನೋಡಿದಳಾ? ಆ ಹುಡುಗಿ ನಿಜವಾದ ಪಿಚರ್! ಡೇವಿಸ್ ಹಿಂದಿನ ವರ್ಷದವರೆಗೂ ಎಕ್ ಜೊತೆ ಓಕ್‌ಲ್ಯಾಂಡ್‌ನಲ್ಲೇ ಆಡಿದವನು. ಅವನು ದೊಡ್ಡ ಹೊಡೆತ ಹೊಡೆಯಬಲ್ಲ ಅಂತ ಎಕ್‌ಗೆ ಗೊತ್ತಿತ್ತು. ಅದಕ್ಕೇ ಹುಷಾರು ಜಾಸ್ತಿಯಾಯಿತು.

ಅಂಕಿ ಮೇಷ್ಟ್ರು

ಮಗಳಿಗೆ ಇದನ್ನೂ ಹೇಳಿ. ಮರುವರ್ಷ, 1989ರಲ್ಲಿ, ಇಡೀ ಸೀಸನ್‌ನಲ್ಲಿ ಎಕ್ ಕೊಟ್ಟ ವಾಕ್ ಮೂರೇ ಮೂರು.